ಗುಂಡನು ಪರೀಕ್ಷಾ ಕೊಠಡಿಯಲ್ಲಿ ಕೂರತಕ್ಕದ್ದಲ್ಲ ಎಂಬ ಬಗ್ಗೆ

ಸಂಖ್ಯೆ: ಪರೀಕ್ಷೆ/ಸೊಂಟ/7
ದಿನಾಂಕ: ಹತ್ತನೆಯ ತರಗತಿ ಪರೀಕ್ಷೆಯ ಮೊದಲ ದಿನ, ಸಂಜೆ

ವಿಷಯ: ಕಂಕುಳ ಕೂಸುಗಳನ್ನು ಪರೀಕ್ಷೆಗೆ ತರುವುದು, ಎತ್ತಿಕೊಳ್ಳುವುದು ಹಾಗೂ ಸಮಾಧಾನಪಡಿಸುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ: 1. ನೋಂದಣಿ ಇಲ್ಲದ ಯಾರೂ ಪರೀಕ್ಷಾ ಕೊಠಡಿಯಲ್ಲಿ ಕೂರತಕ್ಕದ್ದಲ್ಲ ಎಂಬ ನಿಯಮ.
2. ತಪಾಸಣಾಧಿಕಾರಿಯ ವರದಿ (ಒಂದು ಮೂಲೆ ಒದ್ದೆಯಾಗಿದೆ, ಓದಲು ಅಡ್ಡಿಯಿಲ್ಲ).

ಈ ದಿನ ಬೆಳಿಗ್ಗೆ ತಪಾಸಣಾಧಿಕಾರಿಯು ಎಂದಿನಂತೆ ಹುಬ್ಬು ಗಂಟಿಕ್ಕಿಕೊಂಡು ಕೊಠಡಿ ಪ್ರವೇಶಿಸಲಾಗಿ, ಕಿಟಕಿ ಪಕ್ಕದ ಬೆಂಚಿನಲ್ಲಿ ಓರ್ವ ವಿದ್ಯಾರ್ಥಿನಿಯೂ ಆಕೆಯ ತಮ್ಮನೂ (ಇನ್ನು ಮುಂದೆ 'ಗುಂಡ' ಎಂದು ಕರೆಯಲಾಗುವುದು) ಕಂಡುಬಂದಿರುತ್ತಾರೆ. ಗುಂಡನಿಗೆ ಹಾಲ್‌ಟಿಕೆಟ್ ಇರಲಿಲ್ಲ. ಹಲ್ಲು ನಾಲ್ಕಿದ್ದವು. ವಿವರಣೆ ಕೇಳಲಾಗಿ ವಿದ್ಯಾರ್ಥಿನಿಯು ಕೆಳಕಂಡಂತೆ ತಿಳಿಸಿರುತ್ತಾಳೆ:

"ಸಾರ್, ಅಪ್ಪ ಬೇರೆ ಊರಲ್ಲಿ ಪೇಂಟಿಂಗ್ ಕೆಲಸಕ್ಕೆ ಹೋಗಿದಾರೆ. ಅಮ್ಮ ಗಾರ್ಮೆಂಟ್ಸಲ್ಲಿ ರಜೆ ಹಾಕಿದ್ರೆ ಕೆಲಸಾನೇ ಹೋಗುತ್ತೆ. ಪಕ್ಕದ ಮನೆ ಅಜ್ಜಿ ನೋಡ್ಕೋತೀನಿ ಅಂದಿದ್ರು, ಅವರಿಗೇ ಜ್ವರ. ಬಾಯಲ್ಲಿ ಬ್ರೆಡ್ ಇರೋವರೆಗೂ ಇವನು ಅಳಲ್ಲ ಸಾರ್."

ಬ್ರೆಡ್ ಆಗಲೇ ಮುಗಿದಿತ್ತು. ಇಬ್ಬರನ್ನೂ ಹೊರಗೆ ಕಳುಹಿಸಲು ಅಧಿಕಾರಿಯು ಮುಂದಾದಾಗ ಮುಖ್ಯೋಪಾಧ್ಯಾಯಿನಿಯವರು ಅಡ್ಡ ನಿಂತು, "ಕಳ್ಸಿ ಸಾರ್. ಆದ್ರೆ ಇವಳು ಮತ್ತೆ ಬರಲ್ಲ. ಇವತ್ತು ಪರೀಕ್ಷೆ ತಪ್ಪಿದ್ರೆ ನಾಳೆಯಿಂದ ಅಮ್ಮನ ಪಕ್ಕ ಕೂತು ದಾರ ಕತ್ತರಿಸ್ತಾಳೆ. ಇವಳಕ್ಕನೂ ಹೀಗೇ ಹೋದಳು" ಎಂದಿರುತ್ತಾರೆ. ಆಗ ಅಧಿಕಾರಿಯು ನಿಯಮದಂತೆ ಗುಂಡನೊಬ್ಬನನ್ನೇ ಎತ್ತಿ ಹೊರಗಿಡಲು ಹೋಗಿದ್ದು, ಗುಂಡನು ಅವರ ಕನ್ನಡಕವನ್ನು ವಶಪಡಿಸಿಕೊಂಡು ಹೆಗಲ ಮೇಲೆ ನಿದ್ರೆಹೋಗಿರುತ್ತಾನೆ. ಕೆಳಗಿಳಿಸಲು ಯತ್ನಿಸಿದಾಗಲೆಲ್ಲ ಇಡೀ ಶಾಲೆಯ ಪೆನ್ನು ನಿಂತುಹೋಗುವಂತೆ ಕಿರುಚಿದ್ದರಿಂದ, ಅಧಿಕಾರಿಯು ಕೊನೆಯ ಗಂಟೆಯವರೆಗೆ ವರಾಂಡದಲ್ಲಿ ಅಡ್ಡಾಡಬೇಕಾಯಿತು. ಅಷ್ಟರಲ್ಲಿ ವಿದ್ಯಾರ್ಥಿನಿಯು ಉತ್ತರಪತ್ರಿಕೆ ಮುಗಿಸಿ, ಹೆಚ್ಚುವರಿ ಹಾಳೆಯನ್ನೂ ಕೇಳಿ ಪಡೆದಿರುತ್ತಾಳೆ.

ಸದರಿ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರುವುದೇನೆಂದರೆ:

1. ಗುಂಡನು ಕೊಠಡಿಯಲ್ಲಿ ಕೂರತಕ್ಕದ್ದಲ್ಲ. ನಿಯಮವು ಕೂರುವುದನ್ನು ಮಾತ್ರ ನಿಷೇಧಿಸಿರುವುದರಿಂದ, ವರಾಂಡದಲ್ಲಿ ಹೆಗಲ ಮೇಲೆ ಮಲಗಲು ಅಭ್ಯಂತರವಿಲ್ಲ.

2. ಹೆಗಲನ್ನು ತಪಾಸಣಾಧಿಕಾರಿಯೇ ಒದಗಿಸತಕ್ಕದ್ದು. ಪರೀಕ್ಷೆ ಮುಗಿಯುವವರೆಗೆ ಅವರನ್ನು ಈ ಕರ್ತವ್ಯಕ್ಕೆ ನಿಯೋಜಿಸಲಾಗಿದೆ. ಎಡ ಹೆಗಲು ನೋಯುತ್ತಿದೆಯೆಂಬ ಮನವಿಯನ್ನು ಪರಿಗಣಿಸಿ ಬಲ ಹೆಗಲಿಗೂ ಅನುಮತಿ ನೀಡಲಾಗಿದೆ.

3. ಜೋಗುಳವನ್ನು ನಕಲು ಮಾಡಿಸುವ ಸಂಜ್ಞೆಯೆಂದು ಭಾವಿಸತಕ್ಕದ್ದಲ್ಲ. ಆದರೆ ಸದರಿ ಅಧಿಕಾರಿಯ ಕಂಠದ ಬಗ್ಗೆ ಮೂರು ಕೊಠಡಿಗಳಿಂದ ದೂರು ಬಂದಿರುವುದರಿಂದ, ಅವರು ಬಾಯಿ ಮುಚ್ಚಿಕೊಂಡು ಗುನುಗತಕ್ಕದ್ದು.

4. ಕರ್ತವ್ಯದ ವೇಳೆ ಪ್ಯಾಂಟು ಒದ್ದೆಯಾದಲ್ಲಿ ಅದನ್ನು ಸರ್ಕಾರಿ ಕೆಲಸದಲ್ಲಾದ ಹಾನಿ ಎಂದು ಪರಿಗಣಿಸಲಾಗುವುದು. ಒಣಗುವವರೆಗೆ ಅಧಿಕಾರಿಯು ಮೇಜಿನ ಹಿಂದೆ ನಿಲ್ಲತಕ್ಕದ್ದು.

5. ಕನ್ನಡಕ ವಾಪಸು ಕೊಡುವ ಬಗ್ಗೆ ಗುಂಡನ ತೀರ್ಮಾನವೇ ಅಂತಿಮ.

6. ಶಾಲೆ ಬಿಟ್ಟ ಮಕ್ಕಳ ಹೆಸರಿನ ಮುಂದೆ ಇಲಾಖೆಯು ಇದುವರೆಗೆ ಕಣ್ಣುಮುಚ್ಚಿ 'ಓದಿನಲ್ಲಿ ಆಸಕ್ತಿ ಇಲ್ಲ' ಎಂದು ಬರೆಯುತ್ತ ಬಂದಿದೆ. ವಿದ್ಯಾರ್ಥಿನಿಯ ಅಕ್ಕನ ಹೆಸರಿನ ಮುಂದೆ ಹಾಗೆ ಬರೆದವರು ಇದೇ ತಪಾಸಣಾಧಿಕಾರಿ. ಒಂದು ಬೆಳಿಗ್ಗೆ ಗುಂಡನನ್ನು ಹೊತ್ತ ಮೇಲೆ ಅವರಿಗೆ ನಾಚಿಕೆಯಾಗಿರುತ್ತದೆ. ಇಲಾಖೆಗೂ ಆಗಿದೆ. ಮಗು ನೋಡಿಕೊಳ್ಳಲು ಯಾರಿದ್ದಾರೆಂದು ವಿಚಾರಿಸದೆ ಇನ್ನು ಮುಂದೆ ಯಾರೂ ಆ ಮಾತನ್ನು ಬರೆಯತಕ್ಕದ್ದಲ್ಲ.

ಈ ಆದೇಶವು ಗುಂಡನು ನಾಳೆ ಎಚ್ಚರಗೊಂಡ ಕ್ಷಣದಿಂದ ಜಾರಿಗೆ ಬರುತ್ತದೆ.

ಸಹಿ/-
ಮೇಲಧಿಕಾರಿ
(ಮೂರು ಮಕ್ಕಳ ತಂದೆ, ಎತ್ತಿಕೊಂಡ ಅನುಭವವಿಲ್ಲ)

ಪ್ರತಿಗಳು:
ತಪಾಸಣಾಧಿಕಾರಿಗೆ, ಬದಲಿ ಪ್ಯಾಂಟಿನೊಂದಿಗೆ ಹಾಜರಾಗಲು.
ಮುಖ್ಯೋಪಾಧ್ಯಾಯಿನಿಗೆ, ಬ್ರೆಡ್ ದಾಸ್ತಾನು ಇಡಲು.
ಪಕ್ಕದ ಮನೆಯ ಅಜ್ಜಿಗೆ, ನಿಧಾನವಾಗಿ ಸುಧಾರಿಸಿಕೊಳ್ಳಲು.
ಗುಂಡನಿಗೆ, ಎರಡು ಪ್ರತಿ, ಒಂದು ತಿನ್ನಲು.
ವಿದ್ಯಾರ್ಥಿನಿಗೆ: ನಾಳೆ ಗಣಿತ. ಗುಂಡನನ್ನು ಬಾಗಿಲಲ್ಲೇ ಒಪ್ಪಿಸಿ, ಎರಡೂ ಕೈ ಖಾಲಿ ಮಾಡಿಕೊಂಡು ಒಳಗೆ ಬರತಕ್ಕದ್ದು.