ಹಿತ್ತಲಿಗೆ ಬಂದ ಸಮುದ್ರ

ಬೆಂಗಳೂರಿಗೆ ಸಮುದ್ರವಿಲ್ಲ ಅಂತ ಯಾರು ಹೇಳಿದ್ದು? ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಭಾವ ಅದನ್ನು ಪೀಣ್ಯದ ಬಾಡಿಗೆ ಮನೆಯ ಹಿತ್ತಲಿಗೇ ತರಿಸಿದ್ದರು. ಲಾರಿಯಲ್ಲಿ, ನಾಲ್ಕು ಮೂಟೆ!

ಮೂಟೆಯಲ್ಲಿದ್ದದ್ದು ಕಾರವಾರದ ಕಡಲಪಾಚಿ. ಅದನ್ನು ಡ್ರಮ್ಮಿನಲ್ಲಿ ಕೊಳೆಸಿ ಅಡುಗೆ ಗ್ಯಾಸ್ ತೆಗೆಯುತ್ತೇನೆಂದು ಹೊರಟಿದ್ದರು ಈ ಲೇತ್ ಆಪರೇಟರ್ ಮಹಾಶಯರು. ಅಕ್ಕನಿಗೆ ಉಬ್ಬಸ. ಹೊಗೆಯ ಹತ್ತಿರ ಬಿಡಲೇಬೇಡಿ ಎಂದಿದ್ದರು ಡಾಕ್ಟರು. ಸಿಲಿಂಡರಿಗೆ ಹೆಸರು ಬರೆಸಿ ಮೂರು ವರ್ಷವಾಗಿತ್ತು, ಮನೆಯಲ್ಲಿ ಮರದ ಹೊಟ್ಟಿನ ಒಲೆಯೇ ಗತಿ. ಅವಳು ಕೆಮ್ಮಲು ಶುರುಮಾಡಿದರೆ ಅವರ ಜೊತೆಯಲ್ಲೇ ಇದ್ದ ನಾನು ಕಿಟಕಿ ಬಾಗಿಲು ತೆರೆಯಲು ಓಡುತ್ತಿದ್ದೆ.

"ಎಲ್ರೂ ಸಗಣೀಲಿ ಮಾಡ್ತಾರಲ್ಲ ಭಾವ?" ಎಂದೆ.

"ಸಗಣಿಗೆ ಹಸು ಬೇಕು, ಹಸೂಗೆ ಹುಲ್ಲು ಬೇಕು. ಸಮುದ್ರ ಏನ್ ಕೇಳತ್ತೆ ಹೇಳೋ?"

ಆದರೂ ಎರಡು ಬಕೆಟ್ ಸಗಣಿ ಹೊತ್ತು ತಂದವನು ನಾನೇ! "ಹೆಪ್ಪು ಬೇಡ್ವೇನೋ?" ಎಂದರು.

ವಾರದಲ್ಲಿ ವಾಸನೆ ಬೀದಿಗಿಳಿಯಿತು. ಮನೆ ಮಾಲೀಕ ಗೌಡರು ಪಂಚೆಯಿಂದ ಮೂಗು ಮುಚ್ಚಿಕೊಂಡು ಬಂದರು. "ಇದೇನ್ ಸಾಮಿ, ಎಣ ಗಿಣ ಊತಿಟ್ಟಿದೀರಾ? ಭಾನುವಾರದೊಳಗೆ ಒಲೆ ಉರೀಬೇಕು. ಇಲ್ದಿದ್ರೆ ಡ್ರಮ್ಮೂ ಆಚೆ, ನೀವೂ ಆಚೆ!"

ಗ್ಯಾಸ್ ತುಂಬಿದರೆ ಮೇಲೆ ಬೋರಲು ಹಾಕಿದ ಸಣ್ಣ ಡ್ರಮ್ ಏಳಬೇಕು. ಶುಕ್ರವಾರವಾದರೂ ಅದು ಅಲ್ಲಾಡಲಿಲ್ಲ. ನನಗೋ ಎರಡು ದಿಗಿಲು: ಏಳದಿದ್ದರೆ ಮನೆ ಹೋಗುತ್ತದೆ, ಎದ್ದರೆ ಸಿಡಿಯುತ್ತದೆ!

"ಹುಳಿ ಜಾಸ್ತಿಯಾಗಿದೆ. ಸುಣ್ಣ ಬೇಕು," ಎಂದವರೇ ಭಾವ ಗೌಡರ ಜಗಲಿಯಲ್ಲಿದ್ದ ಬಕೆಟ್ಟನ್ನೇ ಎತ್ತಿಕೊಂಡು ಬಂದರು.

"ಯುಗಾದಿಗೆ ಗ್ವಾಡೆಗ್ ಬಳಿಯಾಕ್ ಇಟ್ಟಿದ್ದು ಕಣ್ ಸಾಮಿ!" ಗೌಡರು ಹಿಂದೆಯೇ ಓಡಿಬಂದರು.

"ಗೋಡೆಗೇನು ಅವಸರ ಯಜಮಾನ್ರೇ? ಎಲ್ಲೂ ಓಡಿಹೋಗಲ್ಲ."

ಭಾನುವಾರ ಬೆಳಿಗ್ಗೆ ಡ್ರಮ್ ಒಂದು ಗೇಣು ಎದ್ದಿತ್ತು. ಡ್ರಮ್ಮಿನಿಂದ ಪೈಪು ಎಳೆದಿದ್ದ ಗ್ಯಾಸ್ ಒಲೆ ಹೊತ್ತಿಸಿದಾಗ ನಾನು ಬಾಗಿಲ ಹಿಂದಿದ್ದೆ, ಸುಳ್ಳೇಕೆ ಹೇಳಲಿ. ಪುಸ್ ಎಂದು ನೀಲಿ ಉರಿ ಬಂತು. ಅಕ್ಕ ಕಾಫಿಗೆ ಹಾಲಿಟ್ಟಳು. ಗೌಡರು ಬಗ್ಗಿ ಬಗ್ಗಿ ನೋಡಿದರು. "ವಗೆನೇ ಇಲ್ವಲ್ಲ! ಇರ್ಲಿ ಬುಡಿ ಸಾಮಿ ಡ್ರಮ್ಮು," ಎಂದರು.

ಹಾಲು ಉಕ್ಕುವ ಮೊದಲೇ ಉರಿ ಸಣ್ಣಗಾಗಿ ಆರಿತು. ಇಷ್ಟೆಲ್ಲ ಪಾಡುಪಟ್ಟು ಅರ್ಧ ಕಾದ ಹಾಲೇ? ಅಯ್ಯೋ ಪಾಪ ಎನಿಸಿ ಭಾವನ ಕಡೆ ತಿರುಗಿದೆ. ಅವರು ಒಲೆಯನ್ನು ನೋಡುತ್ತಲೇ ಇರಲಿಲ್ಲ. ಕೆಮ್ಮದೆ ನಿಂತಿದ್ದ ಅಕ್ಕನನ್ನೇ ಕಣ್ಣು ತುಂಬಿಕೊಂಡು ನೋಡುತ್ತಿದ್ದರು. ಉರಿ ಆರಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.