ಜೂಸಿಗೆ ಉಪ್ಪು

ಗ್ಯಾಸ್ ಒಲೇನ ಹುಣಿಸೇಹಣ್ಣು ಹಾಕಿ ತಿಕ್ಕಿ ತೊಳೆದು, ಒಣಗಲಿ ಅಂತ ಬೀದಿ ತಿಣ್ಣೆ ಮೇಲೆ ಬೋರಲು ಹಾಕಿದ್ನಲ್ಲ ಮುತ್ತಯ್ಯ, ಅಲ್ಲಿಂದಲೇ ಶುರುವಾಯ್ತು ಅವನ ಕೇಡು.

ಕೇರಳದ ಗಡಿ ಹತ್ತಿರದ ಕಂಬಂ ಊರಲ್ಲಿ ಮುತ್ತಯ್ಯನ ಹೊಟ್ಟೆ ಅಂದ್ರೆ ಸಾಮಾನ್ಯದ್ದಲ್ಲ. ಬೀದಿ ತಿರುವಲ್ಲಿ ಮೊದ್ಲು ಹೊಟ್ಟೆ ಬರೋದು, ಮುತ್ತಯ್ಯ ಹಿಂದಿನ ಬಸ್ಸಿಗೆ ಬರೋನು. ಅಂಥವನ ಫೋನಿಗೆ ದಿಂಡುಗಲ್ಲಲ್ಲಿರೋ ಮಗಳು ಕಾರ್ತಿಕಾ ಒಂದು ವೀಡಿಯೊ ಕಳಿಸಿದ್ಲು. ಅದರಲ್ಲಿ ಗಡ್ಡದ ಸಾಮಿಯೊಬ್ಬ ಕ್ಯಾರೆಟ್ಟು ಕಡೀತಾ ಹೇಳ್ತಿದ್ದ: "ಬೆಂಕಿ ಮುಟ್ಟಿದ ಊಟ ಸತ್ತ ಊಟ. ಹಸೀದು ತಿನ್ನು, ನೂರು ವರ್ಷ ಬದುಕು."

ಹೆಂಡತಿ ವಳ್ಳಿ ಬೀದಿ ಹೆಂಗಸರ ಜೊತೆ ಪಳನಿಗೆ ಹೊರಟು ನಿಂತಿದ್ಲು. "ನೋಡ್ತಿರು, ನೀ ಬರೋ ಹೊತ್ತಿಗೆ ನಿನ್ನ ಗಂಡ ಆ ಮುರುಗನ್ ಥರ ಎಳೇ ಹುಡುಗ ಆಗಿರ್ತಾನೆ" ಅಂದ ಮುತ್ತಯ್ಯ.

"ಮುರುಗಂಗೆ ಇಬ್ಬರು ಹೆಂಡ್ರು. ಆ ಆಸೆ ಬಿಟ್ಟು ಕೋಳಿಗೂಡಿನ ಬಾಗ್ಲು ಹಾಕು" ಅಂತ ಹೇಳಿ ವಳ್ಳಿ ಬಸ್ಸು ಹತ್ತಿದ್ಲು.

ಒಲೆ ಆಚೆ ಹೋಯ್ತು, ಮಿಕ್ಸಿ ಸಿಂಹಾಸನಕ್ಕೆ ಬಂತು. ತೋಟದ ಪನ್ನೀರು ದ್ರಾಕ್ಷಿ ಹಿಂಡಿದ, ಮಲೆಬಾಳೆಹಣ್ಣಿಗೆ ತೆಂಗಿನಹಾಲು, ಖರ್ಜೂರ ಹಾಕಿ ಅರೆದ. ಆ ಬಾಳೆಹಣ್ಣಿಂದು ಬಾಯಿಗೆ ಬಿದ್ದದ್ದೇ, ಮಳೆಗಾಲದಲ್ಲಿ ಕಂಬಳಿ ಹೊದ್ದ ಹಂಗೆ ಕಣ್ಣು ಮುಚ್ಚಿ ನಿಂತುಬಿಟ್ಟ. ಮೊಳಕೆ ಬಂದ ಹೆಸರುಕಾಳಿಗೆ ತೆಂಗಿನತುರಿ, ಹುಳಿ ಮಾವಿನಕಾಯಿ ಚೂರು ಬೆರೆಸಿ ಒಂದು ತಟ್ಟೆ ತುಂಬ ಮಾಡಿದ. ಬೆಟ್ಟದ ನೆಲ್ಲಿಕಾಯಿ ಜಜ್ಜಿ, ಶುಂಠಿ ಹಿಂಡಿ, ಜೇನು ಸುರಿದು ಒಂದು ಮಡಕೆ ಜೂಸು ಮಾಡಿ, ತಣ್ಣಗಿರಲಿ ಅಂತ ತಿಣ್ಣೆ ಮೂಲೆಯ ಒದ್ದೆ ಮರಳಲ್ಲಿ ಇಟ್ಟ. ತಟ್ಟೆ ಅದರ ಪಕ್ಕ. ಸಾಯಂಕಾಲ ಕಾಲು ಚಾಚಿ ಕೂತು ಕುಡೀಬೇಕು ಅಂತ ಆಸೆ.

ಆದ್ರೆ ಸಾಮಿ ಬಿಡಬೇಕಲ್ಲ! ಮಧ್ಯಾಹ್ನಕ್ಕೆ ಹಾಗಲಕಾಯಿ ರಸ ಅಂದಿದ್ದ. ಅದರ ವಾಸನೆಗೆ ಹಿತ್ತಲ ಕಾಗೆ ಕೂಡ ಎದ್ದು ಕೇರಳಕ್ಕೆ ಹೋಯ್ತು. ಮುತ್ತಯ್ಯ ದೀಪದ ಬತ್ತಿ ಮಾಡೋ ಹತ್ತಿ ತಗೊಂಡು ಎರಡೂ ಮೂಗಿಗೆ ತುರುಕಿ ಗಟಗಟ ಕುಡಿದ. ಕುಡಿದದ್ದೇ ತಲೆ ರಾಟೆ ತಿರುಗಿದಂಗೆ ತಿರುಗ್ತು. ಯಾರೂ ಬಂದು ಕಾಟ ಕೊಡದಿರಲಿ ಅಂತ ಬಾಗ್ಲಿಗೆ ಅಗಳಿ ಹಾಕಿ, ನಡುಮನೇಲಿ ತಣ್ಣನೆ ನೆಲದ ಮೇಲೆ ಉದ್ದಕ್ಕೆ ಮಲಗಿದ. ಸಾಮಿ ಹೇಳಿದ ಹಂಗೇ ಕಣ್ಣಿಗೆರಡು ಸೌತೆಕಾಯಿ ಬಿಲ್ಲೆ, ಹಣೆಗೊಂದು. ಮೂಗಿನ ಹತ್ತಿ ತೆಗೆಯೋದು ಮರೆತ. ನಿದ್ದೆ ಬಂತು.

ಎದುರುಮನೆ ಕಾಳಿಯಮ್ಮಾಳ್‌ಗೆ ಮಾತ್ರ ನಿದ್ದೆ ಬರಲಿಲ್ಲ. ಬೆಳಗಿಂದ ಆ ಮನೇಲಿ ಕುಕ್ಕರು ಕೂಗಿಲ್ಲ. ಈಗ ನೋಡಿದ್ರೆ ಒಲೆ ತಿಣ್ಣೆ ಮೇಲೆ ಬೋರಲು ಬಿದ್ದದೆ!

"ಏನ್ರೀ, ಬನ್ರೀ ಇಲ್ಲಿ" ಅಂತ ಗಂಡ ರಾಜೇಂದ್ರನ್ನ ಎಳ್ಕೊಂಡು ಬಂದ್ಲು. "ಒಲೆ ಹತ್ತಿಲ್ಲ. ಖಂಡಿತ ವಳ್ಳಿ ತವರಲ್ಲಿ ಯಾರೋ ಹೋಗವ್ರೆ."

"ಒಲೆ ತೊಳೆದಿರಬೌದಲ್ಲೇ."

"ಮುತ್ತಯ್ಯ ಒಲೆ ತೊಳೀತಾನಾ? ಅವನು ಮುಖ ತೊಳೆಯೋದೇ ಪೊಂಗಲಿಗೆ!"

ಅಲ್ಲಿ ನಮ್ಮ ಜನದಾಗೆ ಅದೊಂದು ಕಟ್ಟು. ಸಾವಾದ ಮನೇಲಿ, ಸೂತಕ ತಗಲಿದ ನೆಂಟರ ಮನೇಲೂ ಒಲೆ ಹತ್ತಿಸಂಗಿಲ್ಲ. ನೆಂಟರು ತಮ್ಮ ಮನೇಲಿ ಬೇಯಿಸಿ ಹೊತ್ಕೊಂಡು ಬರಬೇಕು. ಜಗಳ ಇರಲಿ, ಕೋರ್ಟಲ್ಲಿ ಕೇಸೇ ಇರಲಿ, ಒಲೆ ಹತ್ತಿಲ್ಲ ಅಂತ ಕಿವಿಗೆ ಬಿದ್ರೆ ಅನ್ನ ತರಲೇಬೇಕು. ಕಾಳಿಯಮ್ಮಾಳ್ ಬಾಯಿ ಬಿಟ್ಟದ್ದೇ ಸುದ್ದಿ ಬೀದಿ ದಾಟಿ ಹಿಂದಿನ ಬೀದಿಗೆ, ಅಳಗಮ್ಮಾಳ್ ಮನೆಗೆ ಹೋಗಿ ಕೂತ್ಕೊಂತು.

ಅಳಗಮ್ಮಾಳ್ ಮುತ್ತಯ್ಯನ ಒಡಹುಟ್ಟಿದ ಅಕ್ಕ. ತಾಯಿಲ್ಲದ ಕೂಸನ್ನ ಸೊಂಟದಿಂದ ಇಳಿಸದೆ ಸಾಕಿದವಳು. ಅವಳ ಬದನೆಕಾಯಿ ಕಾರಕ್ಕೊಳಂಬು, ಅದೇ ಹುಳಿಖಾರದ ಸಾರು, ಕುದೀತಾ ಇದ್ರೆ ಪೆರಿಯಕುಳಂ ಬಸ್ಸು ಕೂಡ ಆ ಬೀದಿ ಮೂಲೇಲಿ ನಿಧಾನ ಆಗೋದು. ಅಂಥ ಅಕ್ಕನ ಮಗ ಜೆಯಕುಮಾರನ ಮದುವೇಲಿ, ಬೀಗರ ಪಂಕ್ತಿ ನಡುವೆ ಕೂತು, ಇವನು ದೊಡ್ಡ ದನಿ ತೆಗೆದು "ಅಕ್ಕಾ, ಕೊಳಂಬಿಗೆ ಉಪ್ಪು ಮರೆತ್ಯಾ?" ಅಂದುಬಿಟ್ಟ. ಬೀಗರು ನಕ್ಕರು. ಅಕ್ಕ ಸೌಟು ಕೆಳಗಿಟ್ಲು. ಅವತ್ತಿಂದ ಮಾತಿಲ್ಲ. ಅವನು ಎದುರಿಗೆ ಬಂದ್ರೆ ಲಾರಿ ಬರ್ತಾ ಇದ್ರೂ ರಸ್ತೆ ದಾಟಿಬಿಡೋಳು. ಇವನು ಒಂದು ಕುಕ್ಕೆ ದ್ರಾಕ್ಷಿ ಕಳಿಸಿದ, ಅದನ್ನ ಆಡಿಗೆ ಹಾಕಿದ್ಲು. ಆಡು ದಪ್ಪ ಆಯ್ತು, ಅಕ್ಕ ಕರಗಲಿಲ್ಲ. ಮುತ್ತಯ್ಯ ಅದೆಷ್ಟು ಕೊಳಂಬು ಉಂಡನೋ, ಪ್ರತಿ ತುತ್ತಿಗೂ ಅಕ್ಕನ ಕೈ ನೆನಪಾಗೋದು. ಕ್ಷಮಿಸು ಅನ್ನೋಕೆ ಬಾಯಿ ಮಾತ್ರ ಬರ್ತಿರಲಿಲ್ಲ.

ಆ ಅಕ್ಕ ಇವತ್ತು ಕೈಯಲ್ಲಿ ತೂಕುಚಟ್ಟಿ ಅನ್ನೋ ಹಿಡಿಪಾತ್ರೆ ತುಂಬ ಬಿಸಿ ಕಾರಕ್ಕೊಳಂಬು, ತಲೆ ಮೇಲೆ ಅನ್ನದ ಗುಂಡಿಪಾತ್ರೆ ಹೊತ್ಕೊಂಡು ತಮ್ಮನ ತಿಣ್ಣೆ ಮುಂದೆ ಬಂದು ನಿಂತ್ಲು. ಬಾಗ್ಲು ಬಡಿದ್ರೆ ಉತ್ತರ ಇಲ್ಲ. ಕಾಳಿಯಮ್ಮಾಳ್ ಕಿಟಕೀಲಿ ಇಣುಕಿದ್ಲು. ಮೂಗಲ್ಲಿ ಹತ್ತಿ, ಹಣೆ ಮೇಲೆ ದುಂಡಗೆ, ಹೆಣಕ್ಕೆ ಇಡೋ ಕಾಸಿನ ಥರ ಏನೋ, ನೆಟ್ಟಗೆ ಮಲಗಿರೋ ದೇಹ.

"ಐಯೋ ಅಕ್ಕಾ! ವಳ್ಳಿ ತವರಲ್ಲ, ನಿನ್ನ ತಮ್ಮನೇ ಹೋಗವ್ನೆ! ಹೋಗೋಕ್ಮುಂಚೆ ಹತ್ತಿನೂ ತಾನೇ ಇಟ್ಕೊಂಡವ್ನೆ, ಯಾರಿಗೂ ತೊಂದ್ರೆ ಬೇಡಾಂತ!"

ರಾಜೇಂದ್ರನ್ ಬಾಗ್ಲು ಮೀಟೋಕೆ ಹಾರೆ ತರ್ತೀನಿ ಅಂತ ತೋಟಕ್ಕೆ ಓಡಿದ. ಅಳಗಮ್ಮಾಳ್ ತಿಣ್ಣೆ ಮೇಲೆ ಕುಸಿದು ಕೂತು, ಕೂದಲು ಬಿಚ್ಚಿ, ಸತ್ತೋರಿಗೆ ಹಾಡೋ ಒಪ್ಪಾರಿ ಎತ್ತಿದ್ಲು.

"ಹಾಲಿಗೆ ಅಳಲಿಲ್ಲ ನನ ತಮ್ಮ, ಬೆಲ್ಲಕ್ಕೆ ಅಳ್ತಿದ್ದೆ... ಬೆಲ್ಲ ನನ ಸೆರಗಲ್ಲೇ ಅದಲ್ಲೋ, ಯಾರಿಗೆ ಕೊಡಲಿ..."

ಮುತ್ತಯ್ಯಂಗೆ ಎಚ್ಚರ ಆಯ್ತು. ಮೊದ್ಲು ಕನಸು ಅಂದ್ಕೊಂಡ. ಆಮೇಲೆ ಕಾಳಿಯಮ್ಮಾಳ್ ಮೂಗು ಸೀಟೋ ಸದ್ದು ಕೇಳಿ ಕನಸಲ್ಲ ಅಂತ ಗೊತ್ತಾಯ್ತು. ಏಳಬೇಕು ಅಂತ ಕೈ ಊರಿದ. ಅಷ್ಟರಲ್ಲಿ ಅಕ್ಕ ಮುಂದಿನ ಸಾಲು ತಗೊಂಡ್ಲು.

"ಮೀಸೆ ಕಂಡ್ರೆ ರಾಜ, ಮನಸು ಕಂಡ್ರೆ ಕೂಸು... ಕೂಸಿನ ಮಾತಿಗೆ ನಾ ಮುನಿದು ಕೂತೆನಲ್ಲೋ..."

ಕೈ ಹಂಗೇ ನಿಂತ್ಕೊಂತು. ಈ ದನಿ ಕೇಳಿ ಎಷ್ಟು ಕಾಲ ಆಯ್ತು! ಇನ್ನೊಂದು ಸಾಲು ಕೇಳಿ ಏಳ್ತೀನಿ ಅಂತ ಮತ್ತೆ ಮಲಗಿದ. ಸೌತೆಕಾಯಿ ಬಿಲ್ಲೆ ಕೆಳಗಿಂದ ನೀರು ಸುರೀತಾ ಇತ್ತು, ಅದು ಸೌತೆಕಾಯಿದಲ್ಲ.

"ಒಂದ್ಸಲ ಎದ್ದು ಬಾರೋ, ದಿನಾ ನನ ಕೈಯಾರೆ ಉಣ್ಣಿಸ್ತೀನಿ..."

ಆಯ್ತಕ್ಕ, ಬಂದೆ ಅಂತ ಮನಸಲ್ಲೇ ಅಂದ. ಮೆಲ್ಲಗೆ ಕೆಮ್ಮಬೇಕು, ಆಮೇಲೆ ಬಾಗ್ಲು ತೆಗೀಬೇಕು, ಕಾಲಿಗೆ ಬೀಳಬೇಕು, ಕೊಳಂಬು ಉಣ್ಣಬೇಕು. ಎಲ್ಲ ಸರಿಯಾಗಿ ಯೋಚ್ನೆ ಮಾಡ್ದ.

ಹೊರಗೆ ಒಪ್ಪಾರಿ ಕೇಳಿ ಬಂದು ಸೇರಿದ ಹಿಂದಿನ ಬೀದಿ ಹೆಂಗಸರ ಗಂಟಲು ಅತ್ತು ಅತ್ತು ಒಣಗಿತ್ತು. ಕಾಳಿಯಮ್ಮಾಳ್ ಕಣ್ಣು ಮೂಲೆ ಮಡಕೆ ಮೇಲೆ ಬಿತ್ತು. "ಸಾವಿನ ಮನೇಲಿ ಬೇಯಿಸಿದ್ದು ಮುಟ್ಟಂಗಿಲ್ಲ. ಇದು ಹಸೀದು, ಕುಡೀಬೌದು" ಅಂತ ಅವಳೇ ತೀರ್ಪು ಕೊಟ್ಟು ಚೊಂಬು ಅದ್ದಿದ್ಲು. ಒಬ್ಬಳಾದ ಮೇಲೆ ಒಬ್ಬಳು. ಹೆಸರುಕಾಳಿನ ತಟ್ಟೇಲಿ ಕಾಳೇ ಉಳೀಲಿಲ್ಲ. "ಪಾಪ, ಎಂಥ ಕೈ ರುಚಿ" ಅಂತ ಒಬ್ಬಳು ಅತ್ಲು, ಅಳ್ತಾನೇ ಇನ್ನೊಂದು ಚೊಂಬು ತುಂಬ್ಕೊಂಡ್ಲು. ಒಳಗೆ ಮುತ್ತಯ್ಯ ಹಲ್ಲು ಕಚ್ಚಿ ಸಹಿಸ್ಕೊಂಡ. ಜೂಸು ಹೋದ್ರೆ ಹೋಗಲಿ, ಅಕ್ಕ ಸಿಕ್ಕಿದ್ರೆ ಸಾಕು.

ಅಳಗಮ್ಮಾಳ್‌ಗೂ ಒಂದು ಚೊಂಬು ಕುಡಿಸಿದ್ರು. ಅವಳು ಬಾಯಿ ಒರೆಸಿ, ಎದೆ ಬಡ್ಕೊಂಡು ಹಾಡಿದ್ಲು.

"ನೆಲ್ಲಿಕಾಯಿ ಹಿಂಡಿದ್ಯಲ್ಲೋ ತಮ್ಮಾ, ಉಪ್ಪೇ ಹಾಕಿಲ್ವಲ್ಲೋ... ಉಪ್ಪಿಲ್ಲ ಅಂತ ಯಾರಿಗೆ ಹೇಳಲಿ..."

ಮುತ್ತಯ್ಯನ ಮೈಯೊಳಗೆ ಏನೋ ಪಟ್ ಅಂತು. ಕೆಮ್ಮು ಮರೆತ, ಕಾಲಿಗೆ ಬೀಳೋದು ಮರೆತ. ಎಗರಿ ಎದ್ದು, ಸೌತೆಕಾಯಿ ಮೂರು ದಿಕ್ಕಿಗೆ ಹಾರಿಸಿ, ಅಗಳಿ ಕಿತ್ತು, ಮೂಗಲ್ಲಿ ಹತ್ತಿ ಇಟ್ಕೊಂಡೇ ಬಾಗ್ಲಲ್ಲಿ ನಿಂತು ಗರ್ಜಿಸಿದ.

"ಜೇನು ಹಾಕಿದ ಜೂಸಿಗೆ ಯಾವೋಳು ಉಪ್ಪು ಹಾಕ್ತಾಳೆ? ನಾನು ಸತ್ತಿಲ್ಲ ಅಕ್ಕಾ, ನಿನ್ನ ನಾಲಗೆ ಸತ್ತದೆ!"

ಕಾಳಿಯಮ್ಮಾಳ್ ಚೊಂಬು ಸಮೇತ ಓಡಿದೋಳು ಮುಂದಿನ ಊರು ಗೂಡಲೂರಲ್ಲೇ ನಿಂತಿದ್ದು ಅಂತಾರೆ. ಉಳಿದೋರು ತಿಣ್ಣೆಯಿಂದ ನೆಲ್ಲಿಕಾಯಿ ಉದುರಿದಂಗೆ ಉದುರಿದ್ರು.

ಅಳಗಮ್ಮಾಳ್ ಮಾತ್ರ ಕದಲಲಿಲ್ಲ. ಎದ್ದು ಬಂದು ಅವನ ಕೆನ್ನೆ ಮುಟ್ಟಿದ್ಲು. ಬೆಚ್ಚಗಿತ್ತು. ಆ ಗಳಿಗೇಲಿ ಮುತ್ತಯ್ಯ ಬಾಯಿ ಮುಚ್ಕೊಂಡು ನಿಂತಿದ್ರೂ ಸಾಕಾಗಿತ್ತು.

"ಯಾವಾಗಿಂದ ಎಚ್ಚರ ಇದ್ದೆ?" ಅಂದ್ಲು ಅಕ್ಕ ಮೆಲ್ಲಗೆ.

"ಬೆಲ್ಲದ ಹಾಡಿಂದ" ಅಂದ ಪೆದ್ದ. "ಚೆನ್ನಾಗಿತ್ತು ಅಕ್ಕಾ."

ಕೈ ಕೆನ್ನೆಯಿಂದ ಕೆಳಗೆ ಬಂತು. ಕೂದಲು ಗಂಟು ಹಾಕ್ಕೊಂಡ್ಲು, ಸೆರಗು ಬಿಗಿದ್ಲು, ಅನ್ನದ ಗುಂಡಿ ತಲೆ ಮೇಲೆ ಇಟ್ಕೊಂಡ್ಲು.

"ನೋಡು ಮುತ್ತಯ್ಯ, ನಿನಗೆ ಅಂತ ಇದ್ದ ಕಣ್ಣೀರೆಲ್ಲ ಇವತ್ತು ಅತ್ತು ಮುಗಿಸಿದೆ. ನನ್ನ ಪಾಲಿಗೆ ನೀ ಹೋದೆ. ಇನ್ನು ನಿಜವಾಗಿ ಹೋದಾಗ ಕರೀಬೇಡ, ಬರಕ್ಕಿಲ್ಲ."

ತೂಕುಚಟ್ಟಿ ರಪ್ಪಂತ ಎತ್ತಿ ನಡೆದೇಬಿಟ್ಲು.

ತಿಣ್ಣೆ ಖಾಲಿ. ಮಡಕೇಲಿ ಒಂದು ಹನಿ ಜೂಸಿಲ್ಲ. ತೂಕುಚಟ್ಟಿ ಎತ್ತುವಾಗ ಕಲ್ಲಿನ ಮೇಲೆ ತುಳುಕಿದ ಒಂಚೂರು ಕೊಳಂಬು ಮಾತ್ರ ಹೊಳೀತಾ ಇತ್ತು. ಮುತ್ತಯ್ಯ ಮೂಗಿನ ಹತ್ತಿ ತೆಗೆದು ಬಗ್ಗಿ, ಬೆರಳಲ್ಲಿ ಒರೆಸಿ ನಾಲಗೆಗೆ ಇಟ್ಕೊಂಡ. ಇಟ್ಕೊಂಡು ಹಂಗೇ ಕೂತುಬಿಟ್ಟ. ಉಪ್ಪು, ಹುಳಿ, ಕಾರ, ಒಂದರ ಹೆಗಲ ಮೇಲೊಂದು ಕೈ ಹಾಕಿ ನಿಂತಿದ್ವು. ಮದುವೆ ದಿನಾನೂ ಹಿಂಗೇ ಇತ್ತು. ಬೀಗರ ಮುಂದೆ ದೊಡ್ಡ ರುಚಿ ಬಲ್ಲ ನಾಲಗೆಯವನು ಅನ್ನಿಸ್ಕೊಳ್ಳೋಕೆ ಅಂದ ಮಾತು ಅದು.

ಓಡ್ದ. ಹೊಟ್ಟೆ ಮುಂದೆ, ಮುತ್ತಯ್ಯ ಹಿಂದೆ. ಅಕ್ಕನ ಮನೆ ಬಾಗ್ಲು ಹಾಕಿತ್ತು. ಒಳಗೆ ತಟ್ಟೆ ಸದ್ದು, ಕೊಳಂಬಿನ ಘಮ.

"ಅಕ್ಕಾ" ಅಂದ ಬಾಗ್ಲಿಗೆ ಬಾಯಿ ಇಟ್ಟು. "ಉಪ್ಪು ಸರಿಯಾಗದೆ ಅಕ್ಕಾ. ಅವತ್ತೂ ಸರಿಯಾಗೇ ಇತ್ತು."

ಒಳಗೆ ತಟ್ಟೆ ಸದ್ದು ನಿಂತ್ಕೊಂತು.

"ಯಾರೋ ಕರೆದಂಗಾಯ್ತಲ್ಲಮ್ಮ" ಅಂದ್ಲು ಸೊಸೆ.

"ಸತ್ತೋರ ಮಾತು ನನಗೆ ಕೇಳಿಸಕ್ಕಿಲ್ಲ" ಅಂದ್ಲು ಅಳಗಮ್ಮಾಳ್. "ನೀ ಉಣ್ಣು, ಆರೋಗ್ತದೆ."