ಹಿಮ ನೋಡಲು ಹೊರಟ ಟಿಟಿ ಸಂಸಾರ

ಗಾಡಿಯಲ್ಲೇ ಸಂಸಾರ ಹೂಡಿದವರು ನಗೆಪಾಟಲಾಗುವುದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. ಬೆಳಿಗ್ಗೆ ಬಾಗಿಲು ಸರಿಸಿದರೆ ಸಾಕು, ಏನಾದರೊಂದು ಹೊರಗೆ ಕಾದು ನಿಂತಿರುತ್ತದೆ.

ನಾನು ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಪ್ರೈಮರಿ ಟೀಚರ್ ಆಗಿದ್ದು ರಿಟೈರ್ ಆದವಳು. ನಮ್ಮ ಯಜಮಾನರು ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಊರವರ ಬಾಯಲ್ಲಿ ‘ದನದ ಡಾಕ್ಟ್ರು’. ನನ್ನ ಶಾಲೆ ಮಲ್ಲಂದೂರಿನಲ್ಲಿದ್ದಾಗ ಇವರ ಆಸ್ಪತ್ರೆ ಕಳಸದಲ್ಲಿ. ನಾನು ಮೂಡಿಗೆರೆಗೆ ವರ್ಗ ಮಾಡಿಸಿಕೊಂಡು ಬಂದರೆ ಇವರನ್ನು ಕೊಪ್ಪಕ್ಕೆ ಹಾಕಿದರು. ಶನಿವಾರ ಸಂಜೆ ಬಸ್ಸಿಳಿದು ಬರುವರು, ಸೋಮವಾರ ಬೆಳಿಗ್ಗೆ ಬಸ್ಸು ಹತ್ತುವರು. ಮಗಳನ್ನು ಬೆಳೆಸಿ ಮದುವೆ ಮಾಡಿದ್ದೂ ಹೀಗೆ ಭಾನುವಾರಗಳಲ್ಲೇ. ಇವರು ರಿಟೈರ್ ಆದ ಮೇಲೆ ಮೊದಲ ಸಲ ಸೋಮವಾರವೂ ಮನೆಯಲ್ಲಿದ್ದರು. ಮಂಗಳವಾರವೂ ಇದ್ದರು. ಬುಧವಾರ ನಾನೇ ತಡೆಯಲಾರದೆ ಕೇಳಿದೆ.

“ನೀವು ಎಲ್ಲಿಗೂ ಹೋಗೋದಿಲ್ವಾ?”

“ಹೋಗೋಣ,” ಅಂದರು. “ಇಬ್ರೂ ಹೋಗೋಣ. ನಿಂಗೆ ಹಿಮ ನೋಡ್ಬೇಕು ಅಂತ ಮೊದ್ಲಿಂದ ಇತ್ತಲ್ಲ.”

ಇತ್ತು, ನಿಜ. ಇವರು ಹೇಳಿದ್ದು ರೈಲಿನಲ್ಲಲ್ಲ, ವಿಮಾನದಲ್ಲೂ ಅಲ್ಲ. ಒಂದು ಹಳೆಯ ಗಾಡಿ ಕೊಂಡು, ಅದರೊಳಗೇ ಅಡುಗೆ, ಅದರೊಳಗೇ ನಿದ್ದೆ ಮಾಡಿಕೊಂಡು ಹಿಮಾಚಲದವರೆಗೆ. ನನಗೆ ಒಳಗೊಳಗೇ ಹೆದರಿಕೆ. ರಸ್ತೆಯದ್ದಲ್ಲ. ಭಾನುವಾರಕ್ಕೆ ಮಾತ್ರ ಒಗ್ಗಿದ ಗಂಡ ಹೆಂಡತಿ ಒಂದು ಗಾಡಿಯೊಳಗೆ ತಿಂಗಳುಗಟ್ಟಲೆ ಇರಲಾಗುತ್ತದೆಯೇ? ನನ್ನ ತಂಗಿಯಂತೂ ಬಾಯಿಬಿಟ್ಟೇ ಹೇಳಿದಳು, “ಅಕ್ಕಾ, ಸೊಲ್ಲಾಪುರ ಮುಟ್ಟುವಷ್ಟರಲ್ಲಿ ನಿಮ್ಮಲ್ಲಿ ಒಬ್ರು ರೈಲು ಹತ್ತಿ ವಾಪಸ್ ಬಂದಿರ್ತೀರಿ. ಯಾರು ಅಂತ ಮಾತ್ರ ಈಗ ಹೇಳಲಿಕ್ಕೆ ಬರೋದಿಲ್ಲ.”

ಒಂದೋ ಎರಡೋ

ಕೊಂಡಿದ್ದು ಒಂದು ಟಿಟಿ. ನಮ್ಮ ಕಡೆ ಮದುವೆ ದಿಬ್ಬಣಕ್ಕೆ, ದೇವಸ್ಥಾನದ ಟ್ರಿಪ್ಪಿಗೆ ಬಾಡಿಗೆಗೆ ಓಡುವ ದೊಡ್ಡ ವ್ಯಾನು. ಅದನ್ನು ಮನೆಯಾಗಿ ಮಾಡಿಕೊಡಲು ಒಪ್ಪಿದ್ದು ಮೂಡಿಗೆರೆಯ ಗ್ಯಾರೇಜಿನ ಭಾಯ್. ಸೀಟುಗಳನ್ನೆಲ್ಲ ಬಿಚ್ಚಿ, ಗ್ಯಾಸ್ ಒಲೆಗೆ ಜಾಗ ಮಾಡಿ, ನೀರಿನ ಟ್ಯಾಂಕ್ ಕೂರಿಸಿ, ಅಳತೆ ಟೇಪು ಹಿಡಿದುಕೊಂಡು ನಮ್ಮನ್ನು ಕೇಳಿದರು.

“ಡಾಕ್ಟ್ರೇ, ಮಂಚ ಒಂದೋ ಎರಡೋ?”

“ಒಂದು,” ಅಂದರು ಇವರು.

“ಎರಡು,” ಅಂದೆ ನಾನು. ಇಬ್ಬರದ್ದೂ ಒಟ್ಟಿಗೇ ಹೊರಬಿತ್ತು.

ಭಾಯ್ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. “ಇಬ್ರೂ ಮಾತಾಡ್ಕೊಂಡು ನಾಳೆ ಬನ್ನಿ.”

ಇವರು ಗೊರಕೆ ಹೊಡೆಯುತ್ತಾರೆ ಅನ್ನುವುದು ನನ್ನ ವಾದ. ನಾನು ನಿದ್ದೆಯಲ್ಲಿ ಮಗ್ಗಿ ಹೇಳಿಸುತ್ತೇನೆ ಅನ್ನುವುದು ಇವರ ದೂರು. ಹಾಗಾದರೆ ಎರಡೇ ಮಂಚ ಸರಿಯಲ್ಲವೇ ಅಂದರೆ, “ಅಷ್ಟು ವರ್ಷ ಎರಡು ಊರಲ್ಲಿ ಮಲಗಿದ್ದು ಸಾಲದಾ ಮಾರಾಯ್ತಿ?” ಅಂದುಬಿಟ್ಟರು. ಆದರೂ ನಾನು ಬಿಡಲಿಲ್ಲ.

ಮಾರನೆಯ ದಿನ ಹೋಗುವಷ್ಟರಲ್ಲಿ ಭಾಯ್ ತಾವೇ ತೀರ್ಮಾನ ಮಾಡಿ ಮುಗಿಸಿದ್ದರು. ಅಗಲದ ಒಂದೇ ಮಂಚ, ನಡುವೆ ಉದ್ದಕ್ಕೆ ಒಂದು ಸೀಳು, ಅದರಲ್ಲಿ ನಿಲ್ಲಿಸಲು ಒಂದು ಹಲಗೆ.

“ಜಗಳ ಆದ್ರೆ ಹಾಕ್ಕೊಳ್ಳಿ, ರಾಜಿ ಆದ್ರೆ ತೆಗೀರಿ,” ಅಂದರು. “ಇಂಥದ್ದು ನಮ್ಮನೇಲೂ ಒಂದು ಮಾಡಿಸ್ಬೇಕು ಅಂತಿದ್ದೆ. ಮೊದ್ಲು ನಿಮ್ದು ಹೇಗಾಗ್ತದೆ ನೋಡೋಣ.”

ಕಳಸಕ್ಕೆ ಟ್ರಯಲ್

ದೂರ ಹೋಗುವ ಮೊದಲು ಹತ್ತಿರ ಎಲ್ಲಾದರೂ ಹೋಗಿ ಬರೋಣ ಅಂತ ಒಂದು ಬೆಳಿಗ್ಗೆ ಕುದುರೆಮುಖದ ದಾರಿ ಹಿಡಿದೆವು. ಕೊಟ್ಟಿಗೆಹಾರದಲ್ಲಿ ಗಾಡಿಯನ್ನು ಬದಿಗೆ ಹಾಕಿ, ನಮ್ಮ ಹೊಸ ಅಡುಗೆಮನೆಯಲ್ಲಿ ಮೊದಲ ಕಾಫಿಗೆ ನಾನು ಹಾಲಿಟ್ಟೆ. ಇವರು ಟಯರಿನ ಗಾಳಿ ನೋಡಲು ಕೆಳಗಿಳಿದರು.

ಹಾಲು ಉಕ್ಕುವ ಮೊದಲೇ ಬಾಗಿಲು ಸರಿಯಿತು. ಕೈಚೀಲ ಹಿಡಿದ ಮೂವರು ಹೆಂಗಸರು ಹತ್ತಿ, ಚಪ್ಪಲಿ ಬಿಟ್ಟು, ನಮ್ಮ ಮಂಚದ ಮೇಲೆ ಸಾಲಾಗಿ ಕೂತರು.

“ಕಳಸಕ್ಕೆ ತಾನೆ?” ಅಂದರು ಒಬ್ಬರು.

“ಹೌದು, ಆದ್ರೆ ಇದು...” ಅಂತ ನಾನು ಶುರು ಮಾಡುವಷ್ಟರಲ್ಲಿ ಇನ್ನೊಬ್ಬರು ಹೇಳಿದರು, “ಗೊತ್ತು, ಜನ ತುಂಬದೆ ಬಿಡೋದಿಲ್ಲ. ನಮ್ಗೇನೂ ಅರ್ಜೆಂಟಿಲ್ಲ. ನೀವು ಕಾಫಿ ಕುಡೀರಿ.”

ಇದು ಲೈನ್ ಗಾಡಿಯಲ್ಲ, ನಮ್ಮ ಮನೆ ಅಂತ ಹೇಗೆ ಹೇಳುವುದು? ಮನೆಗೆ ಬಂದವರಿಗೆ ಕೊಡುವಂತೆ ಐದು ಲೋಟ ಕಾಫಿ ಮಾಡಿದೆ. ಇವರು ಒಳಗೆ ಇಣುಕಿ ನೋಡಿ, ಸೀದಾ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಒಳ್ಳೆ ಮಾತುಕತೆ. ಒಬ್ಬರ ಸೊಸೆಗೆ ಅಂಗನವಾಡಿ ಕೆಲಸ ಸಿಕ್ಕಿದ್ದು, ಇನ್ನೊಬ್ಬರ ಮೆಣಸಿನ ಬಳ್ಳಿಗೆ ರೋಗ ಬಂದಿದ್ದು, ಎಲ್ಲ ತಿಳಿಯಿತು. ಕಳಸ ಬಂದಾಗ ಇವರು ಬಾಡಿಗೆ ಬೇಡ ಅಂದರು. ಮೂವರೂ ಬಿಡದೆ ನನ್ನ ಒಲೆಯ ಪಕ್ಕದಲ್ಲಿ ದುಡ್ಡಿಟ್ಟರು. ಇಳಿದ ಮೇಲೆ ಹಿರಿಯ ಹೆಂಗಸು ಇವರ ಕಿಟಕಿಯ ಹತ್ತಿರ ಬಂದು, ದನಿ ತಗ್ಗಿಸಿ ಬುದ್ಧಿ ಹೇಳಿದರು.

“ನಿಮ್ಮ ಗಾಡೀಲಿ ಕಾಫಿ ಕೊಡೋದು ಒಳ್ಳೇದಾಯ್ತು. ಆದ್ರೆ ಸೀಟು ತೆಗ್ದು ಮಂಚ ಯಾಕೆ ಹಾಕಿದ್ರಿ? ಹೀಗಾದ್ರೆ ನಿಮ್ಗೆ ಗಿಟ್ಟೋದಿಲ್ಲ. ಅದಿರ್ಲಿ, ವಾಪಸ್ ಎಷ್ಟು ಗಂಟೆಗೆ ಬಿಡ್ತೀರಿ?”

ಕಷಾಯ

ಸೊಲ್ಲಾಪುರ ದಾಟಿತು. ಇಬ್ಬರೂ ಗಾಡಿಯಲ್ಲೇ ಇದ್ದೆವು. ತಂಗಿಗೆ ಫೋನು ಮಾಡಿ ತಿಳಿಸಿದೆ.

ಮಹಾರಾಷ್ಟ್ರ ಮುಗಿಯುವ ಹತ್ತಿರ ಒಂದು ಢಾಬಾ. ಕಾಫಿಪುಡಿ ನಾವು ಊರಿನಿಂದಲೇ ಕಟ್ಟಿಕೊಂಡು ಹೋಗಿದ್ದೆವು. ನಾನು ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿಕೊಂಡು ಹೋಗಿ ಢಾಬಾದವನ ಹತ್ತಿರ ಬಿಸಿ ಹಾಲು ಮಾತ್ರ ಕೇಳಿದೆ. ಇವರ ಹಿಂದಿ ಆ ಹೊತ್ತಿಗೆ “ನಾನು ಡಾಕ್ಟರ್” ಅನ್ನುವಷ್ಟಿತ್ತು. “ದನದ” ಅನ್ನುವುದಕ್ಕೆ ಶಬ್ದ ಸಿಕ್ಕಿರಲಿಲ್ಲ. ಡಾಕ್ಟರು ಕಪ್ಪಗಿನ ಏನನ್ನೋ ಹಾಲಿಗೆ ಬೆರೆಸಿ ಕುಡಿಯುತ್ತಿರುವುದನ್ನು ಕಂಡು ಢಾಬಾದವನು ಹತ್ತಿರ ಬಂದು ಕೂತ, ಹೊಟ್ಟೆ ಮುಟ್ಟಿ ತೋರಿಸಿದ. ತುಂಬ ದಿನದಿಂದ ಸರಿಯಾಗಿ ಹೋಗುತ್ತಿಲ್ಲವಂತೆ, ಅದು ನಮಗೆ ತಿಳಿದದ್ದು ಮಾರನೆಯ ದಿನ.

ಇವರಿಗೆ ಅರ್ಥವಾಗಿದ್ದು, ಅವನೂ ಸ್ವಲ್ಪ ಕಾಫಿ ಕೇಳುತ್ತಿದ್ದಾನೆ ಅಂತ. ಲೋಟ ತುಂಬ ಬರೀ ಡಿಕಾಕ್ಷನ್ ಬಗ್ಗಿಸಿ ಕೊಟ್ಟರು. ಅವನು ಡಾಕ್ಟರ ಕಷಾಯವೆಂದೇ ನಂಬಿ, ಮೂಗು ಹಿಡಿದು ಒಂದೇ ಗುಟುಕಿಗೆ ಕುಡಿದು ಕೈಮುಗಿದ.

ನಾವು ಆ ರಾತ್ರಿ ಅಲ್ಲೇ ಗಾಡಿ ನಿಲ್ಲಿಸಿದ್ದೆವು. ಬೆಳಿಗ್ಗೆ ಏಳುವಷ್ಟರಲ್ಲಿ ಅವನು ನಗುತ್ತಾ ಪರಾಠದ ತಟ್ಟೆ ಹಿಡಿದು ನಿಂತಿದ್ದ. ಅವನ ಹಿಂದೆ ಇಬ್ಬರು ಲಾರಿ ಡ್ರೈವರುಗಳು, ಅವರ ಹಿಂದೆ ಪಂಕ್ಚರ್ ಅಂಗಡಿಯವನು. ಎಲ್ಲರ ಕೈಯೂ ಹೊಟ್ಟೆಯ ಮೇಲಿತ್ತು. ಎಲ್ಲರಿಗೂ ಸಾಕಾಗುವಷ್ಟು ಇಳಿಸಿಕೊಟ್ಟು ಹೊರಟೆವು.

ಸ್ವಲ್ಪ ದೂರ ಹೋದ ಮೇಲೆ ಇವರು ಗಂಭೀರವಾಗಿ ಹೇಳಿದರು, “ನಮ್ಮ ಪ್ಲಾಂಟರುಗಳು ಕಾಫಿಗೆ ಮಾರ್ಕೆಟ್ ಇಲ್ಲ ಅಂತ ಸುಮ್ನೆ ಕೊರಗ್ತಾರೆ ಮಾರಾಯ್ತಿ. ತಪ್ಪು ಅಂಗಡೀಲಿ ಇಟ್ಟಿದ್ದಾರೆ, ಅಷ್ಟೆ.”

ಹಲಗೆ

ಮಧ್ಯಪ್ರದೇಶದಲ್ಲಿ ನಮ್ಮ ದೊಡ್ಡ ಜಗಳ ಆಯಿತು. ಫೋನಿನ ಮ್ಯಾಪು ಹೇಳಿದ ದಾರಿ ಬೇಡ, ಟ್ರ್ಯಾಕ್ಟರ್ ಹೋದ ದಾರಿ ಹತ್ತಿರವಾಗುತ್ತದೆ ಅನ್ನುವುದು ಇವರ ಹಟ. ಯಾರನ್ನಾದರೂ ಕೇಳಿ ಅಂದೆ. ಕೇಳಲಿಲ್ಲ. ಸುತ್ತಿ ಸುತ್ತಿ ಅದೇ ಊರಿಗೆ ಮತ್ತೆ ಬಂದೆವು. ಅಲ್ಲಿಂದ ನಾನು ಹಲಗೆ ಹಾಕಿಕೊಂಡೆ. ಎರಡು ದಿನ ಮಾತಿಲ್ಲ. ಉಪ್ಪು ಬೇಕಾದರೂ ಇವರು ಗಾಳಿಗೆ ಹೇಳುವರು, ನಾನು ಗಾಳಿಗೆ ಕೊಡುವೆ. ತಂಗಿ ಹೇಳಿದ್ದು ನಿಜವಾಯಿತೇನೋ ಅಂತ ಹತ್ತಿರದ ರೈಲ್ವೆ ಸ್ಟೇಷನ್ ಯಾವುದು ಅಂತಲೂ ಫೋನಿನಲ್ಲಿ ಹುಡುಕಿದೆ. ಆಮೇಲೆ ತಿಳಿಯಿತು, ಇವರೂ ಹುಡುಕಿದ್ದರಂತೆ, ನನ್ನನ್ನು ಕಳಿಸುವುದಕ್ಕಲ್ಲ, ಅಲ್ಲಿ ಇಡ್ಲಿ ಸಿಕ್ಕಿದರೆ ತಂದು ರಾಜಿ ಮಾಡಿಕೊಳ್ಳುವುದಕ್ಕೆ.

ಮೂರನೆಯ ದಿನ ಮಳೆ ಬಂತು. ನಮ್ಮ ಮಲೆನಾಡಿನ ಮಳೆಯೆದುರು ಅದು ಮಳೆಯೇ ಅಲ್ಲ ಅಂತ ಇವರು ಗಾಡಿಯನ್ನು ಹೊಲದ ಬದಿಗೆ ಇಳಿಸಿದರು. ಆದರೆ ಅದು ಕರಿಮಣ್ಣು. ಹಿಂದಿನ ಚಕ್ರ ಅರ್ಧ ಮುಳುಗಿ ಅಲ್ಲೇ ಗಿರಗಿರ ತಿರುಗಿತು. ಸುತ್ತ ಒಂದು ಕಲ್ಲಿಲ್ಲ, ಕೊಂಬೆಯಿಲ್ಲ, ಮನುಷ್ಯರಿಲ್ಲ. ಇವರು ಕೆಸರಲ್ಲಿ ಮಂಡಿಯೂರಿ ಕೈಯಲ್ಲೇ ಮಣ್ಣು ತೋಡಲು ಶುರು ಮಾಡಿದರು. ಬಗ್ಗಿದ ಆ ಬೆನ್ನು ನೋಡಿ ನನಗೆ ಕೂತಿರಲು ಆಗಲಿಲ್ಲ. ಒಳಗೆ ಹೋಗಿ ಮಂಚದ ನಡುವಿನ ಹಲಗೆ ಕಿತ್ತು ತಂದು ಚಕ್ರದ ಕೆಳಗೆ ತುರುಕಿದೆ.

“ಈಗ ಗೇರು ಹಾಕಿ,” ಅಂದೆ. ಎರಡು ದಿನದ ನಂತರ ಗಾಳಿಗಲ್ಲ, ಇವರಿಗೇ ಹೇಳಿದ ಮೊದಲ ಮಾತು ಅದು.

ಗಾಡಿ ಮೇಲೆ ಬಂತು. ಹಲಗೆ ಲಟ್ಟನೆ ಎರಡು ತುಂಡಾಯಿತು. ಇವರು ತುಂಡುಗಳನ್ನು ಎತ್ತಿ ಹಿಡಿದು ನೋಡಿದರು. “ಇನ್ಮೇಲೆ ಜಗಳ ಆದ್ರೆ ಏನು ಮಾಡೋದು?”

“ಆಗಬಾರ್ದು, ಅಷ್ಟೆ. ಬೇರೆ ಮಾಡಿಸ್ಬೇಕು ಅಂದ್ರೆ ಮೂಡಿಗೆರೆಗೇ ಹೋಗ್ಬೇಕು.”

ಗುಲಾಬಿ ಕೋಟು

ರೋಹ್ತಾಂಗಿಗೆ ಹೋಗುವ ದಾರಿಯಲ್ಲಿ ಚಳಿಯ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಗಳು ಸಾಲಾಗಿವೆ. ಇವರು ಆರಡಿಯ ಆಳು. ಆ ಅಂಗಡಿಯಲ್ಲಿ ಇವರ ಉದ್ದಕ್ಕೆ ಸಿಕ್ಕಿದ್ದು ಒಂದೇ ಕೋಟು. ಗುಲಾಬಿ ಬಣ್ಣ, ಕತ್ತಿನ ಸುತ್ತ ಬಿಳಿ ತುಪ್ಪಟ. ನನಗೆ ಸಿಕ್ಕಿದ್ದು ಕಪ್ಪು ಕೋಟು, ಗಂಡಸರದ್ದು. ಇಬ್ಬರ ತಲೆಗೂ ಮುಖ ಮುಚ್ಚುವ ಮಂಗನ ಟೋಪಿ.

ಹಿಮ ನಾನು ಅಂದುಕೊಂಡಂತೆ ಇರಲಿಲ್ಲ. ಅದಕ್ಕಿಂತ ಬಿಳಿ, ಅದಕ್ಕಿಂತ ಸದ್ದಿಲ್ಲದ್ದು. ಅಷ್ಟು ವರ್ಷ ಪುಸ್ತಕದ ಚಿತ್ರ ತೋರಿಸಿ ಪಾಠ ಮಾಡಿದ್ದನ್ನು ಕೈಯಲ್ಲಿ ಹಿಡಿದು, ಕರಗಿ ನೀರಾಗುವವರೆಗೂ ನೋಡಿದೆ. ಇವರು ನನ್ನ ಪಕ್ಕದಲ್ಲಿ ಬಂದು ನಿಂತರು. ಆಮೇಲೆ ಒಂದು ಚೂರು ಬಾಯಿಗೆ ಹಾಕಿಕೊಂಡು, “ಸಕ್ಕರೆ ಕಮ್ಮಿ,” ಅಂದರು.

ಯಾರೋ ನಮ್ಮಿಬ್ಬರ ಫೋಟೋ ತೆಗೆದುಕೊಟ್ಟರು. ಸಂಭ್ರಮದಲ್ಲಿ ಮನೆಯವರ ಗ್ರೂಪಿಗೆ ಹಾಕಿದೆ. ಮೊದಲ ಉತ್ತರ ತಂಗಿಯದೇ.

“ಫೋಟೋ ಚೆನ್ನಾಗಿದೆ. ಭಾವ ಇಷ್ಟು ಕುಳ್ಳಗೆ ಯಾವಾಗ ಆದ್ರು? ಪಕ್ಕದಲ್ಲಿ ಗುಲಾಬಿ ಕೋಟಿನ ಹೆಂಗಸು ಯಾರು? ನೀನು ರೈಲು ಹತ್ತಿದ್ಯಾ?”

ಸರೋಜ

ವಾಪಸ್ ಬರುವಾಗ ಹರಿಯಾಣದ ಒಂದು ಹಳ್ಳಿಯಲ್ಲಿ ನೀರು ತುಂಬಿಸಿಕೊಳ್ಳಲು ಒಂದು ಮನೆಯ ಮುಂದೆ ನಿಲ್ಲಿಸಿದೆವು. ಮನೆಯವರೆಲ್ಲ ಕೊಟ್ಟಿಗೆಯಲ್ಲಿದ್ದರು. ಚೊಚ್ಚಲ ಎಮ್ಮೆ ಬೆಳಗಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ. ಅಲ್ಲಿನ ಡಾಕ್ಟರು ಬೇರೆ ಊರಿಗೆ ಹೋಗಿದ್ದಾರೆ, ಬರುವುದು ಸಂಜೆಯಾಗುತ್ತದೆ. ಮನೆಯ ಅಜ್ಜಿ ಎಮ್ಮೆಯ ಹಣೆ ನೇವರಿಸುತ್ತಾ ಸುಮ್ಮನೆ ಅಳುತ್ತಿದ್ದರು.

ಇವರು ಒಂದು ಕ್ಷಣ ಬಾಗಿಲಲ್ಲೇ ನಿಂತರು. ಕೆಲಸ ಬಿಟ್ಟ ಮೇಲೆ ಇವರು ಇದಕ್ಕೆ ಕೈ ಹಾಕಿರಲಿಲ್ಲ.

“ಆಗ್ತದಾ?” ಅಂತ ಕೇಳಿದೆ.

“ನೀನು ಜೊತೆಗೆ ನಿಂತ್ರೆ ನೋಡ್ತೀನಿ.”

ಶರ್ಟು ಬಿಚ್ಚಿ, ಭುಜದವರೆಗೆ ಸೋಪು ಹಚ್ಚಿಕೊಂಡು ಕೂತರು. ನಾನು ಬಿಸಿನೀರು, ಎಣ್ಣೆ ಹಿಡಿದು ನಿಂತೆ. ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಇವರು ಕಣ್ಣು ಮುಚ್ಚಿ, ಎಮ್ಮೆಯ ಜೊತೆ ಕನ್ನಡದಲ್ಲೇ ಮಾತಾಡುತ್ತಾ, ನಿಧಾನಕ್ಕೆ ಕಾಲು ಸರಿಪಡಿಸಿದರು. ಇವರ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಅದೆಲ್ಲ ನಡೆಯುತ್ತಿದ್ದದ್ದು ನನ್ನ ಪಾಠದ ದಿನಗಳಲ್ಲಿ, ಬೇರೆ ಊರಿನಲ್ಲಿ. ಇಷ್ಟು ಮೆತ್ತಗಿನ ದನಿ ಇವರಿಗೆ ಇದೆ ಅಂತಲೇ ನನಗೆ ತಿಳಿದಿರಲಿಲ್ಲ.

ಕರು ಜಾರಿ ಹೊರಗೆ ಬಿತ್ತು. ಉಸಿರಿಲ್ಲ. ಇವರು ಮೂಗು ಒರೆಸಿ, ಹುಲ್ಲುಕಡ್ಡಿಯಿಂದ ಹೊಳ್ಳೆ ಕೆಣಕಿ, ಎದೆ ತಿಕ್ಕಿದರು. ಕರು ಸೀನಿತು. ಹೆಣ್ಣುಗರು. ಕೊಟ್ಟಿಗೆಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಅಜ್ಜಿ ಬಂದು ಇವರ ತಲೆ ಸವರಿದರು, ಆಮೇಲೆ ನನ್ನ ಕೆನ್ನೆ ಹಿಡಿದು ಹೆಸರು ಕೇಳಿದರು.

“ಸರೋಜ,” ಅಂದೆ, ಆಶೀರ್ವಾದ ಮಾಡುತ್ತಾರೆ ಅಂತ ತಲೆ ತಗ್ಗಿಸಿ.

ಅಜ್ಜಿ ತಿರುಗಿ ಕರುವಿನ ಕಿವಿಯಲ್ಲಿ ಮೂರು ಸಲ “ಸರೋಜ” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರಂತೂ ಎಲ್ಲರಿಗಿಂತ ಜೋರಾಗಿ.

ಊರಿಗೆ ಬಂದ ಮೇಲೂ ಆ ಮನೆಯವರ ಫೋನು ನಿಂತಿಲ್ಲ. ಈಗ ಸೋಮವಾರವೂ ಇವರು ಮನೆಯಲ್ಲಿರುತ್ತಾರೆ, ನನಗೆ ಅಭ್ಯಾಸವಾಗಿದೆ. ಜಗಲಿಯಲ್ಲಿ ಕೂತು, ಫೋನನ್ನು ಸ್ಪೀಕರಿಗೆ ಹಾಕಿ, ದಾರಿಯಲ್ಲಿ ಕಲಿತ ಹಿಂದಿಯಲ್ಲಿ ವಿಚಾರಿಸಿಕೊಳ್ಳುತ್ತಾರೆ. ಸರೋಜ ಚೆನ್ನಾಗಿ ತಿನ್ನುತ್ತಿದ್ದಾಳಂತೆ. ಸರೋಜ ದಪ್ಪಗಾಗಿದ್ದಾಳಂತೆ. ಸರೋಜಳಿಗೆ ಹೊಟ್ಟೆಹುಳದ ಔಷಧಿ ಕುಡಿಸಿದರಂತೆ.

ಮೊನ್ನೆ ನನ್ನ ಜೊತೆ ಕೆಲಸ ಮಾಡಿದ್ದ ಟೀಚರುಗಳು ಮನೆಗೆ ಬಂದಿದ್ದರು, ಎಲ್ಲರೂ ಹಿಂದಿ ಬರುವವರೇ. ಕಾಫಿ ಕೊಡುತ್ತಿದ್ದೆ. ಅಷ್ಟರಲ್ಲಿ ಜಗಲಿಯಿಂದ ಹರಿಯಾಣದ ದನಿ ಕೇಳಿಸಿತು.

“ಡಾಕ್ಟರ್ ಸಾಹೇಬ್, ಸರೋಜಳಿಗೆ ಕೊಂಬು ಬರ್ತಾ ಇದೆ. ಸಿಟ್ಟು ಜಾಸ್ತಿಯಾಗಿದೆ. ಹತ್ತಿರ ಹೋದವರನ್ನೆಲ್ಲ ಹಾಯ್ತಾಳೆ. ಏನು ಮಾಡೋದು?”

ಒಳಗೆ ಎಲ್ಲರ ಲೋಟವೂ ಬಾಯಿಯ ಹತ್ತಿರ ನಿಂತಿತು. ಹೊರಗೆ ಇವರು ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ, ಅನುಭವಸ್ಥರಂತೆ ಹೇಳಿದರು.

“ಎದುರು ಮಾತಾಡಬೇಡಿ. ಒಂದು ಚೂರು ಬೆಲ್ಲ ಕೊಟ್ಟು, ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ನಾನೂ ಹಾಗೇ ಮಾಡೋದು.”